ಬಲೆಗಿಂತ ಮುಂಚೆ ಹೋದ ಮಾತು

ಬೆಳಕಿಗೆ "ಸ್ವಲ್ಪ ಹೊತ್ತು ಇಲ್ಲೇ ಕೂತಿರು" ಎಂದು ನಾವು ಹೇಳುವಂತಿಲ್ಲ. ನಾನು ವರ್ಷಗಟ್ಟಲೆ ಓದಿದ್ದು, ಹುಡುಗರಿಗೆ ಪಾಠ ಹೇಳಿದ್ದು, ಕೊನೆಗೆ ಪ್ರಬಂಧ ಬರೆದು ಪದವಿ ತೆಗೆದುಕೊಂಡದ್ದು ಎಲ್ಲ ಈ ಒಂದೇ ಸಂಗತಿಯ ಮೇಲೆ. ಮೀನಿಗೂ ಹಾಗೆ ಹೇಳುವಂತಿಲ್ಲ. ಅದನ್ನು ನಾನು ಓದಿ ತಿಳಿಯಬೇಕಾಗಿರಲಿಲ್ಲ, ಅಂಕೋಲೆಯ ಕಡಲ ದಡದಲ್ಲಿ ಮೀನುಗಾರರ ಕೇರಿಯಲ್ಲಿ ಹುಟ್ಟಿದವಳು ನಾನು. ಆದರೆ ಈ ಎರಡನ್ನೂ ತಂದು ಒಂದಕ್ಕೊಂದು ಗಂಟು ಹಾಕಿದ್ದು ನನ್ನದೇ ತಲೆ. "ಅದ್ರಲ್ಲಿ ನಿಂದೆಂತಾ ತಪ್ಪೇ?" ಎಂದು ಮನೆಯವರು ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಹೇಳಲಿ. ಅವರು ಹಾಗೆ ಹೇಳಿದಷ್ಟೂ ನನಗೆ ಸಿಟ್ಟೇ ಬರುತ್ತದೆ. ಯಾರಾದರೂ ಒಮ್ಮೆ ಬಾಯಿತುಂಬ ಬೈದಿದ್ದರೆ ಬಹುಶಃ ನಾನು ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ.

ಆಗ ನಾನು ಕಾರವಾರದ ಒಂದು ತಾಂತ್ರಿಕ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ನಾಣ್ಯ ಹಾಕುವ ಫೋನು ಇನ್ನೂ ಗೂಡಂಗಡಿಗಳಲ್ಲಿ ಬದುಕಿತ್ತು, ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರಲಿಲ್ಲ. ಹೆದ್ದಾರಿಯ ಬದಿಯಲ್ಲಿ ಉದ್ದಕ್ಕೂ ಕಾಲುವೆ ತೋಡಿ ಕೊಳವೆ ಹೂಳುತ್ತಿದ್ದರು. ಆ ಕೊಳವೆಯೊಳಗೆ ಕೂದಲಿನಷ್ಟು ಸಪೂರದ ಗಾಜಿನ ಎಳೆ, ಅದರೊಳಗೆ ಬೆಳಕು, ಆ ಬೆಳಕಿನ ಮೇಲೆ ಕುಳಿತು ಹೋಗುವುದು ಲೋಕದ ಮಾತುಕತೆಯೆಲ್ಲ. ಎಳೆಯೊಳಗೆ ಓಡುವಾಗ ಏನೂ ತೊಂದರೆಯಿಲ್ಲ. ತೊಂದರೆಯೆಲ್ಲ ನಾಲ್ಕು ಎಳೆಗಳು ಸೇರುವ ಕೂಡುದಾರಿಯಲ್ಲಿ. ಯಾವ ಬೆಳಕು ಯಾವ ಕಡೆ ತಿರುಗಬೇಕು? ಒಂದೇ ದಾರಿಗೆ ಇಬ್ಬರು ಒಟ್ಟಿಗೆ ಬಂದರೆ ಏನು ಮಾಡುವುದು? ತಂತಿಯಲ್ಲಿ ಹೋಗುವ ಮಾಹಿತಿಯನ್ನಾದರೆ ಯಂತ್ರದೊಳಗೆ ತುಸು ಹೊತ್ತು ಹಿಡಿದಿಡಬಹುದು. ಬೆಳಕನ್ನು ಇಡಲು ಪಾತ್ರೆ ಇಲ್ಲ.

ಇದರ ಮೇಲೆ ಇನ್ನೊಂದು ಪೀಕಲಾಟ. ಮಾಹಿತಿ ಒಂದೇ ಸಮನೆ ಹರಿಯುವುದಿಲ್ಲ. ಸುಮ್ಮನಿರುತ್ತದೆ, ಸುಮ್ಮನಿರುತ್ತದೆ, ಆಮೇಲೆ ಒಮ್ಮೆಲೇ ರಾಶಿ ನುಗ್ಗುತ್ತದೆ. ನಮ್ಮ ದಡದಲ್ಲಿ ಬಂಗಡೆ ಮೀನು ಬರುವುದೂ ಹಾಗೆಯೇ. ದಿನಗಟ್ಟಲೆ ಬೆಕ್ಕಿಗೆ ಹಾಕಲೂ ಇರುವುದಿಲ್ಲ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಬುಟ್ಟಿ ಸಾಲದೆ ಸೀರೆಯ ಸೆರಗಿನಲ್ಲೂ ಕಟ್ಟಿಕೊಂಡು ಹೋಗುತ್ತಿರುತ್ತಾರೆ.

ತರಗತಿಯಲ್ಲಿ ಇದನ್ನು ಹೇಳಲು ನಾನು ಕಾರವಾರದ ಬಸ್ ನಿಲ್ದಾಣವನ್ನೇ ಹಿಡಿಯುತ್ತಿದ್ದೆ. "ಕೈಗಾದ ಬಸ್ಸು ನೋಡಿದ್ದೀರಲ್ಲ?" ಎಂದು ಕೇಳುವುದು. ಹುಡುಗರೆಲ್ಲ ನಗುವುದು, ಯಾಕೆಂದರೆ ಮಳೆಯಲ್ಲಿ ನೆನೆಯುತ್ತ ನಿಂತಾಗ ಆ ಬಸ್ಸು ಅರ್ಧ ಖಾಲಿ ಸೀಟುಗಳೊಂದಿಗೆ ಎದುರಿನಿಂದ ಹೋಗುವುದನ್ನು ನೋಡದವರೇ ಇಲ್ಲ. ಅದು ಅಲ್ಲಿಯ ಅಣುಸ್ಥಾವರದ ನೌಕರರ ಬಸ್ಸು, ಸೀಟು ಅವರದು, ಅವರು ಬರಲಿ ಬಿಡಲಿ. ದಾರಿಯನ್ನು ಮೊದಲೇ ಒಬ್ಬರ ಹೆಸರಿಗೆ ಕಟ್ಟಿಡುವ ಪದ್ಧತಿ ಅದು. ರಾಶಿ ಬಂದಾಗ ಒಳ್ಳೆಯದು, ಬಾರದಾಗ ದಂಡ. ಇನ್ನೊಂದು, ನಾವೆಲ್ಲ ಹತ್ತುವ ಬಸ್ಸು. ಪ್ರತಿ ನಿಲ್ದಾಣದಲ್ಲಿ ನಿಂತು ಒಬ್ಬೊಬ್ಬರನ್ನೂ ಎಲ್ಲಿಗೆ ಎಂದು ಕೇಳಿ, ಜಾಗವಿಲ್ಲದಿದ್ದರೆ ಮುಂದಿನ ಬಸ್ಸಿಗೆ ಕಾಯಿರಿ ಎನ್ನುವುದು. ಅದಕ್ಕೆ ಕಾಯುವ ಜಾಗ ಬೇಕು. ಬೆಳಕಿಗೆ ಅದೇ ಇಲ್ಲವಲ್ಲ!

ಹಾಗಾಗಿ ಮೂರನೆಯ ಪದ್ಧತಿ. ಅದೇ ನನ್ನ ಪ್ರಬಂಧದ ವಿಷಯ, ಬರ್ಸ್ಟ್ ಸ್ವಿಚಿಂಗ್. ರಾಶಿ ಹೊರಡುವ ಮೊದಲು ಒಂದು ಸಣ್ಣ ಮಾತು ಮುಂದೆ ಹೋಗುತ್ತದೆ. ಪ್ರತಿ ಕೂಡುದಾರಿಯಲ್ಲೂ "ನನ್ನ ಹಿಂದೆ ಇಷ್ಟು ದೊಡ್ಡ ರಾಶಿ ಬರುತ್ತಿದೆ, ಇಂಥ ಹೊತ್ತಿಗೆ ದಾರಿ ಬಿಡಿ" ಎಂದು ಹೇಳುತ್ತ ಹೋಗುತ್ತದೆ. ರಾಶಿ ತುಸು ಅಂತರ ಬಿಟ್ಟು ಹಿಂದಿನಿಂದ ಹೊರಡುತ್ತದೆ. ಮುಖ್ಯವಾದ ಸಂಗತಿ ಏನೆಂದರೆ, ಅದು "ಆಗಲಿ ಬಾ" ಎಂಬ ಉತ್ತರಕ್ಕೆ ಕಾಯುವುದಿಲ್ಲ. ದಾರಿ ಸಿಕ್ಕರೆ ಸಿಕ್ಕಿತು. ಸಿಗದಿದ್ದರೆ ಆ ರಾಶಿ ಅಲ್ಲೇ ನಷ್ಟ.

ಅಂತರ ಎಂದರೇನು ಎಂದು ಹುಡುಗರು ಕೇಳಿದರೆ ದೊಡ್ಡಾಯಿಯ ಅನ್ನದ ಕತೆ ಹೇಳುತ್ತಿದ್ದೆ.

ದೊಡ್ಡಾಯಿ ಎಂದರೆ ನನ್ನ ಆಯಿಯ, ಅಂದರೆ ತಾಯಿಯ, ಅಕ್ಕ. ನಾನು ಹುಟ್ಟಿದ್ದು ನಮ್ಮ ಮನೆಯಲ್ಲಾದರೂ ಉಂಡು ಬೆಳೆದದ್ದು ಪಕ್ಕದ ಅವಳ ಮನೆಯಲ್ಲಿ. ಅವಳಿಗೆ ಮಕ್ಕಳಿರಲಿಲ್ಲ, ದೊಡ್ಡಪ್ಪ ಹೋಗಿ ಬಹಳ ವರ್ಷವಾಗಿತ್ತು. ವಾರವಿಡೀ ನಾನು ಕಾರವಾರದಲ್ಲಿ ಬಾಡಿಗೆ ಖೋಲಿಯಲ್ಲಿದ್ದು, ಶನಿವಾರ ಮಧ್ಯಾಹ್ನ ಅಂಕೋಲೆಗೆ ಬರುತ್ತಿದ್ದೆ. ಹೊರಡುವ ಮುಂಚೆ ಅವಳ ಬೇಲಿಯ ಪಕ್ಕದ ಗೂಡಂಗಡಿಗೆ ಫೋನು. ಅಂಗಡಿಯವ ಅಲ್ಲಿಂದಲೇ ಕೂಗುವುದು, "ಹೊರಟ್ಳಂತೇ!" ಅವಳು ಕೂಡಲೇ ಕುಚ್ಚಲಕ್ಕಿ ತೊಳೆದು ಒಲೆಯ ಮೇಲಿಡುವುದು. ಆ ಅಕ್ಕಿ ಬೇಯಲು ಹಿಡಿಯುವ ಹೊತ್ತೂ ನನ್ನ ಬಸ್ಸು ಬರಲು ಹಿಡಿಯುವ ಹೊತ್ತೂ ಸರಿಸುಮಾರು ಒಂದೇ. ನಾನು ಚಪ್ಪಲಿ ಬಿಡುವಾಗ ಅವಳು ಗಂಜಿ ಬಸಿಯುತ್ತಿದ್ದಳು. ನಿಜ ಹೇಳಬೇಕೆಂದರೆ ಎಷ್ಟೋ ಸಲ ನಾನು ಹೊರಟಿರುತ್ತಲೇ ಇರಲಿಲ್ಲ. ಪ್ರಯೋಗಾಲಯದಲ್ಲಿ ಕಂಪ್ಯೂಟರಿನ ಮುಂದೆ ಕೂತೇ "ಹೊರಟೆ" ಎಂದು ಹೇಳಿಬಿಡುತ್ತಿದ್ದೆ, ಹಸಿವು ತಡೆಯುವುದಿಲ್ಲ ನೋಡಿ. ತಡವಾದರೆ ಅನ್ನ ಮುಚ್ಚಿಟ್ಟು ಕಾಯುತ್ತಿದ್ದಳು. "ಬಸ್ಸು ಪಾಪ, ಯಂತಾ ಮಾಡ್ತದೆ" ಎಂದು ಬಸ್ಸಿನ ಪರ ವಹಿಸುತ್ತಿದ್ದಳೇ ಹೊರತು ನನ್ನ ಮಾತಿನ ಮೇಲೆ ಎಂದೂ ಅನುಮಾನ ಪಟ್ಟವಳಲ್ಲ.

ಅವಳ ವ್ಯಾಪಾರ ರಾಮನಗುಳಿಯಲ್ಲಿ. ಅಂಕೋಲೆಯಿಂದ ಬಾಳೆಗುಳಿಗೆ ಬಂದು, ಅಲ್ಲಿಂದ ಯಲ್ಲಾಪುರದ ಕಡೆ ಒಳಗೆ ಹೋಗಬೇಕು. ಗಂಗಾವಳಿ ಹೊಳೆಯ ಬದಿಯ ಗದ್ದೆಯವರ ಮನೆಗಳಿಗೆ ಮೀನು ಕೊಡುವುದು. ನಮ್ಮ ದಡದಲ್ಲಿ ಯೆಂಡಿ ಬಲೆ ಎಂದು ಇದೆ, ದೋಣಿಯಲ್ಲಿ ಒಯ್ದು ಅರ್ಧ ಚಂದ್ರದಂತೆ ಬಿಟ್ಟು, ಎರಡೂ ತುದಿಯ ಹಗ್ಗ ಹಿಡಿದು ಹತ್ತಾರು ಜನ ದಡದಿಂದ ಎಳೆಯುವ ಬಲೆ. ಅದರಲ್ಲಿ ದೊಡ್ಡಪ್ಪನ ಕಾಲದಿಂದ ಇವಳಿಗೊಂದು ಪಾಲು. ಪಾಲಿನ ಮೀನು ಬುಟ್ಟಿಗೆ ಬಿದ್ದ ಮೇಲೆ ಇವಳ ಶಾಸ್ತ್ರ ಶುರುವಾಗುತ್ತಿತ್ತು. ಗೂಡಂಗಡಿಯಿಂದ ರಾಮನಗುಳಿಯ ಅಂಗಡಿಗೆ ಫೋನು ಮಾಡುವುದು. ಅಲ್ಲಿಯ ಅಂಗಡಿಯವ ನಾಲ್ಕು ಮನೆಗೆ ಹೇಳಿ ಕಳಿಸುವುದು. ಅವರು "ಬೇಕು" ಎನ್ನುವುದು. ಅವನು ತಿರುಗಿ ಫೋನು ಮಾಡುವುದು. ಅಷ್ಟಾದ ಮೇಲೆ ಇವಳು ಹೊರಡುವುದು. ಅಷ್ಟು ಹೊತ್ತಿಗೆ ಬಾಳೆಗುಳಿಯ ಟೆಂಪೋ ಹೋಗಿ, ಮುಂದಿನದಕ್ಕೆ ಕಾದು, ಬಿಸಿಲು ನೆತ್ತಿಗೆ ಬಂದು, ಬಂಗಡೆಯ ಕಣ್ಣು ಬೆಳ್ಳಗಾಗುತ್ತಿತ್ತು.

ಒಂದು ಭಾನುವಾರ ಇದನ್ನು ನೋಡಿ ನೋಡಿ ನನಗೆ ರೇಗಿತು. "ಉತ್ತರಕ್ಕೆ ಯಾಕೆ ಕಾಯ್ತೆ ದೊಡ್ಡಾಯಿ? ಮೀನು ಅದೆ, ಬರ್ತೆ ಅಂತ ಹೇಳು. ಟೆಂಪೋದವಂಗೂ ಜಾಗ ಇಡು ಅಂತ ಹೇಳು. ಹೇಳಿ ಹೊರಟೇಬಿಡು."

"ಬ್ಯಾಡ ಅಂದ್ರೆ?"

"ನೀ ತಂದ ಮೀನು ಇಷ್ಟು ವರ್ಷದಲ್ಲಿ ಯಾರು ಬ್ಯಾಡ ಅಂದಾರೆ?"

ಅವಳು ವೀಳ್ಯದೆಲೆಗೆ ಸುಣ್ಣ ಹಚ್ಚಿ ಮಡಿಸಿದಳು. "ಅದೂ ಹೌದು" ಎಂದಳು. ಎಲೆ ಬಾಯಿಗೆ ಹಾಕಿಕೊಂಡು ಎದ್ದಳು.

ಹೇಳಬೇಕೆಂದರೆ ಅದು ಚೆನ್ನಾಗಿಯೇ ನಡೆಯಿತು. ಬಾಳೆಗುಳಿಯ ಚಾ ಅಂಗಡಿಗೆ ಒಂದು ಫೋನು, ರಾಮನಗುಳಿಗೆ ಒಂದು ಫೋನು, ಹಿಂದಿನಿಂದ ಇವಳು. ಟೆಂಪೋದವ ಹಿಂದುಗಡೆ ಬುಟ್ಟಿಯ ಜಾಗ ಬಿಟ್ಟು ಕಾಯುತ್ತಿದ್ದ. ರಾಮನಗುಳಿಯಲ್ಲಿ ಇವಳು ಇಳಿಯುವ ಹೊತ್ತಿಗೆ ಹೆಂಗಸರು ಪಾತ್ರೆ ಹಿಡಿದು ಅಂಗಡಿಯ ಮುಂದೆ ನಿಂತಿರುತ್ತಿದ್ದರು. ತಾಜಾ ಮೀನು, ಚೌಕಾಸಿಯಿಲ್ಲ. "ಅವಳು ಬರ್ತೆ ಅಂದ್ಲು ಅಂದ್ರೆ ಮೀನು ಬಂದ ಹಾಂಗೆ" ಎಂದು ಅಲ್ಲಿಯ ಹೆಂಗಸರು ಹೇಳುತ್ತಿದ್ದರಂತೆ. ಆ ಒಂದು ಮಾತನ್ನು ದೊಡ್ಡಾಯಿ ಊರಿಗೆಲ್ಲ ಹೇಳಿಕೊಂಡು ತಿರುಗಿದಳು. ಬೀಗುವುದರಲ್ಲಿ ಅವಳೇನೂ ಕಡಿಮೆಯವಳಲ್ಲ. "ನಮ್ಮ ಅಕ್ಕೋರು ಕಾಲೇಜಲ್ಲಿ ಕಲ್ಸೂದು ಇದ್ನೇಯಂತೆ" ಎಂದು ನನ್ನನ್ನೂ ಸೇರಿಸಿ ಹಾಸ್ಯ ಮಾಡುವುದು ಬೇರೆ. ನಮ್ಮ ಕಡೆ ಪಾಠ ಹೇಳುವ ಹೆಂಗಸರಿಗೆ ಅಕ್ಕೋರು ಎನ್ನುತ್ತಾರೆ. ನನಗೂ ಒಳಗೊಳಗೇ ಹಿಗ್ಗು. ಗುಂಡಿ ಒತ್ತಿ ಕಂಪ್ಯೂಟರಿನಲ್ಲಿ ನೋಡುತ್ತಿದ್ದದ್ದು ಕಣ್ಣೆದುರು ನಡೆಯುತ್ತಿತ್ತಲ್ಲ!

ಮೂಗು ತೂರಿಸಿದ್ದು ಅತ್ತಿಗೆ. ನನ್ನ ಅಣ್ಣ ಕಾರವಾರ ಬಂದರಿನ ಒಂದು ಯಾಂತ್ರಿಕ ದೋಣಿಯ ಮೇಲೆ ಕೆಲಸಕ್ಕಿದ್ದ. ಅತ್ತಿಗೆ ಅಲ್ಲಿಯ ಮೀನು ತಂದು ಅಂಕೋಲೆ ಪೇಟೆಯಲ್ಲಿ ಮಾರುತ್ತಿದ್ದಳು. ದೊಡ್ಡಾಯಿಯ ರಾಮನಗುಳಿ ವ್ಯಾಪಾರ ಕುದುರಿದ್ದು ಕಂಡು ಅವಳೂ ಆ ದಾರಿ ಹಿಡಿದಳು. ಟೆಂಪೋದ ಹಿಂದೆ ಇರುವುದು ಒಬ್ಬರ ಬುಟ್ಟಿಗಾಗುವಷ್ಟು ಜಾಗ. ಯಾರ ಮಾತು ಮೊದಲು ಮುಟ್ಟಿತೋ ಜಾಗ ಅವರದು. ಅಣ್ಣ ಮೊಬೈಲು ಕೊಂಡಿದ್ದ. ದೋಣಿ ದಡಕ್ಕೆ ಹತ್ತಿರವಾಗಿ ಸಿಗ್ನಲ್ ಸಿಕ್ಕಿದ ಕೂಡಲೇ ಸಮುದ್ರದಿಂದಲೇ ಹೆಂಡತಿಗೆ ಹೇಳುವುದು, ಅವಳು ಆ ಕ್ಷಣವೇ ಬಾಳೆಗುಳಿಗೆ ಹೇಳುವುದು. ಅವಳ ಮೀನು ಇನ್ನೂ ನೀರಿನ ಮೇಲಿರುವಾಗಲೇ ಅವಳ ಜಾಗ ನಿಶ್ಚಯ. ದೊಡ್ಡಾಯಿಯ ಬುಟ್ಟಿ ಎರಡು ಸಲ ಬಾಳೆಗುಳಿಯಲ್ಲೇ ಉಳಿಯಿತು. ಅದಿರಿನ ಲಾರಿಗಳ ಕೆಂಪು ಧೂಳು ಕುಡಿಯುತ್ತ ನಿಂತು, ಕೊನೆಗೆ ಅಲ್ಲೇ ಸಿಕ್ಕ ಸಿಕ್ಕವರಿಗೆ ಕೊಟ್ಟು ಬಂದಳು.

ಇದರಲ್ಲಿ ಅತ್ತಿಗೆಯದೇನೂ ಮೋಸವಿರಲಿಲ್ಲ. ನನ್ನ ಪ್ರಬಂಧದ ಗ್ರಾಫೂ ಅದನ್ನೇ ಹೇಳುತ್ತಿತ್ತು. ಮಾತಿಗೂ ರಾಶಿಗೂ ನಡುವೆ ಹೆಚ್ಚು ಅಂತರ ಇಟ್ಟವರು ಗೆಲ್ಲುತ್ತಾರೆ, ಕಡಿಮೆ ಅಂತರದವರು ಪ್ರತಿ ಸಲ ಬೀಳುತ್ತಾರೆ. ಆದರೆ ಗ್ರಾಫಿನಲ್ಲಿ ಬೀಳುವುದು ಗೆರೆ, ಇಲ್ಲಿ ಬಿದ್ದದ್ದು ನನಗೆ ಉಣ್ಣಿಸಿ ಬೆಳೆಸಿದವಳು. ನನಗೆ ಅತ್ತಿಗೆಯ ಮೇಲೆ ಮೈಯೆಲ್ಲ ಉರಿಯಿತು. ಹಾಗಾದರೆ ನಾವು ಇನ್ನೂ ಮುಂಚೆ ಹೇಳಬೇಕು, ಅಷ್ಟೇ. ನನ್ನ ಪ್ರಬಂಧದ ಕೊನೆಯ ಅಧ್ಯಾಯವೂ ಅದೇ ಆಗಿತ್ತು: ರಾಶಿ ಪೂರ್ತಿ ಕೂಡುವ ತನಕ ಕಾಯಬೇಡಿ, ಹಿಂದಿನ ರಾಶಿಗಳನ್ನು ನೋಡಿ ಮುಂದಿನದರ ಗಾತ್ರ ಅಂದಾಜು ಮಾಡಿ, ಮಾತನ್ನು ಮೊದಲೇ ಕಳಿಸಿ.

ನಮ್ಮ ಕೇರಿಯಲ್ಲಿ ಒಂದು ಕಟ್ಟುಪಾಡಿದೆ. ಬಲೆ ದಡಕ್ಕೆ ಬರುವ ತನಕ ಯಾರೂ ಮೀನಿನ ಮಾತು ಎತ್ತಬಾರದು. ಎಷ್ಟು ಬಿದ್ದಿರಬಹುದು ಎಂದು ಕೇಳುವಂತಿಲ್ಲ, ಬುಟ್ಟಿ ತಂದು ಎದುರು ಇಡುವಂತಿಲ್ಲ. ಸಣ್ಣವಳಿದ್ದಾಗ ನಾನು "ಇವತ್ತು ಬಂಗಡೆಯಾ?" ಎಂದು ಕೇಳಿ ಹಗ್ಗ ಎಳೆಯುವವರಿಂದ ಬೈಸಿಕೊಂಡು ಅತ್ತದ್ದಿದೆ. ಇದು ನನಗೆ ಗೊತ್ತಿಲ್ಲದ್ದಲ್ಲ.

ಬೇಸಿಗೆಯ ಒಂದು ಭಾನುವಾರ ಬೆಳಿಗ್ಗೆ. ಅದರ ಹಿಂದಿನ ದಿನ, ಅದಕ್ಕೂ ಹಿಂದಿನ ದಿನ ಬಲೆ ಹರಿಯುವಷ್ಟು ಬಂಗಡೆ ಬಿದ್ದಿತ್ತು. ರಾಮನಗುಳಿಯ ಒಂದು ಮನೆಯಲ್ಲಿ ಹೊಸ ಬೀಗರು ಮೊದಲ ಸಲ ಊಟಕ್ಕೆ ಬರುವವರಿದ್ದರು. ಆ ಮನೆಯವರು ದೊಡ್ಡಾಯಿಗೆ ಮೊದಲೇ ಹೇಳಿಟ್ಟಿದ್ದರು, ಸಿಕ್ಕರೆ ತಂದುಕೊಡು, ಸಿಗದಿದ್ದರೆ ತಿಳಿಸು, ಬೇರೆ ನೋಡುತ್ತೇವೆ ಎಂದು. ದೋಣಿ ಬಲೆ ಬಿಟ್ಟು ಬಂದಿತ್ತು. ಎರಡು ಸಾಲಿನಲ್ಲಿ ಜನ ಹಗ್ಗ ಎಳೆಯುತ್ತಿದ್ದರು. ದಡದಲ್ಲಿ ನಾನು, ದೊಡ್ಡಾಯಿ. ತುಸು ಆಚೆ ಮರಳಿನ ಮೇಲೆ ಅತ್ತಿಗೆ, ಕೈಯಲ್ಲಿ ಮೊಬೈಲು. ಅವಳು ಅದನ್ನು ಕಿವಿಗಿಟ್ಟುಕೊಂಡು ಏನೋ ಕೇಳಿ ಮುಗುಳ್ನಕ್ಕಳು. ನನಗೆ ಸಾಕಾಯಿತು.

"ದೊಡ್ಡಾಯಿ, ಈಗ ಹೇಳು" ಎಂದೆ. ನನ್ನ ಹತ್ತಿರವೂ ಹೊಸ ಮೊಬೈಲಿತ್ತು.

"ಬಲೆ ಇನ್ನೂ ನೀರಲ್ಲದೆಯಲ್ಲೇ, ಹುಚ್ಚಿ."

"ನಿನ್ನೆ ಬಿದ್ದದೆ, ಮೊನ್ನೆ ಬಿದ್ದದೆ. ಇವತ್ತು ಎಲ್ಲಿಗೆ ಹೋಗ್ತದೆ? ಅವ್ಳು ಈಗ ಫೋನ್ ಮಾಡ್ತಾಳೆ ನೋಡು. ಮಾಡಿದ್ಲು ಅಂದ್ರೆ ನಿನ್ನ ಬುಟ್ಟಿ ಮತ್ತೆ ಬಾಳೆಗುಳಿಲೇ."

"ಹಾಂಗೆಲ್ಲ ಹೇಳೂದಲ್ಲ ಮಗಾ. ಕಡಲು ಕೇಳ್ತದೆ."

"ಕಡಲಿಗೆ ಕಿವಿ ಅದ್ಯಾ? ನಾ ಲೆಕ್ಕ ಹಾಕಿ ಹೇಳ್ತೆ" ಎಂದೆ. ನಂಬರು ಒತ್ತಿದವಳು ನಾನೇ.

ಅವಳು ನೀರಿನ ಕಡೆ ನೋಡಿದಳು. ಅತ್ತಿಗೆಯ ಕಡೆ ನೋಡಿದಳು. ಆಮೇಲೆ ಅವಳ ಮುಖದಲ್ಲೂ ಒಂದು ತುಂಟತನ ಬಂತು, ಅದನ್ನು ನಾನು ಮುಚ್ಚಿಡುವುದಿಲ್ಲ. "ಕೊಡು ಇಲ್ಲಿ" ಎಂದು ಮೊಬೈಲು ಕಸಿದುಕೊಂಡಳು. ಟೆಂಪೋದವನಿಗೆ ಜಾಗ ಇಡಲು ಹೇಳಿದಳು. ರಾಮನಗುಳಿಯ ಅಂಗಡಿಯವನಿಗೆ ಬೇಕೆಂದೇ ಅತ್ತಿಗೆಗೆ ಕೇಳುವ ಹಾಗೆ ಜೋರಾಗಿ ಹೇಳಿದಳು, "ಬಂಗಡೆ ಅದೆ. ಬುಟ್ಟಿ ತುಂಬ ಅದೆ. ಬೀಗರ ಮನೆಗೆ ಹೇಳು, ಮಸಾಲೆ ಕಡ್ದು ಇಟ್ಕಳ್ಳಲಿ, ಯಾರ ಹತ್ರಾನೂ ತಗಳೂದು ಬ್ಯಾಡ." ಮೊಬೈಲು ನನ್ನ ಕೈಗಿಟ್ಟು, ಸೆರಗು ಬಿಗಿದುಕೊಂಡು, ಅವಳೂ ಹೋಗಿ ಹಗ್ಗಕ್ಕೆ ಕೈ ಹಾಕಿದಳು.

ಬಲೆಯ ಚೀಲ ದಡಕ್ಕೆ ಬಂದಾಗ ಅದು ಹಗುರವಿತ್ತು. ಪಾಚಿ, ಕಡ್ಡಿ, ಒಂದಿಷ್ಟು ಸಣ್ಣ ಏಡಿ, ಬೆರಳುದ್ದದ ತಾರ್ಲೆ ಮರಿಗಳು. ಹಗ್ಗ ಸುತ್ತುತ್ತಿದ್ದ ಮುದುಕನೊಬ್ಬ ತಲೆಯೆತ್ತದೆ ಕೇಳಿದ, "ಯಾರಾರೂ ಬಾಯಿ ಬಿಟ್ರಾ ಹೆಂಗೆ?" ದೊಡ್ಡಾಯಿ ತನ್ನ ಕಾಲು ನೋಡುತ್ತ ನಿಂತಳು. ಬಲೆಗೆ ಮೀನು ಬೀಳುವುದಕ್ಕೂ ಮಾತಿಗೂ ಸಂಬಂಧವಿಲ್ಲ ಎಂದು ನಾನು ಬಲ್ಲೆ. ಆದರೂ ಆ ಹೊತ್ತಿನಲ್ಲಿ ಮರಳಿನೊಳಗೆ ಹೂತು ಹೋಗಬೇಕು ಅನಿಸಿತು.

ರಾಮನಗುಳಿಯ ಅಂಗಡಿಗೆ ಫೋನು ಮಾಡಿದೆ. ರಿಂಗಾಯಿತು, ಯಾರೂ ಎತ್ತಲಿಲ್ಲ. ಅವನು ನಮ್ಮ ಮಾತನ್ನೇ ಹೊತ್ತು ಆ ಮನೆಗೆ ಹೋಗಿದ್ದ ಎಂದು ಆಮೇಲೆ ಗೊತ್ತಾಯಿತು. ಮತ್ತೆ ಮಾಡಿದೆ, ಲೈನೇ ಇರಲಿಲ್ಲ. ಆ ಕಾಡಿನ ದಾರಿಯಲ್ಲಿ ಲೈನು ಹೋಗುವುದು ಹೊಸದಲ್ಲ. ಬಾಳೆಗುಳಿಗೆ ಓಡಿ ಹೋದೆವು. ಟೆಂಪೋದವ ದೊಡ್ಡಾಯಿಯ ಮಾತಿಗೆ ಜಾಗ ಹಿಡಿದು, ಅತ್ತಿಗೆಗೆ ಇಲ್ಲ ಎಂದು ಹೇಳಿ, ಒಳಗಿದ್ದವರು ಗಲಾಟೆ ಮಾಡುವ ತನಕ ಕಾದು, ಖಾಲಿ ಜಾಗದೊಂದಿಗೇ ಹೊರಟು ಹೋಗಿದ್ದ. ಅಣ್ಣ ಬಂದರಿನಿಂದ ರಿಕ್ಷಾದಲ್ಲಿ ಕಳಿಸಿದ್ದ ಬಂಗಡೆಯ ಬುಟ್ಟಿ ರಸ್ತೆಯ ಬದಿಗೆ ಬಿಸಿಲಲ್ಲಿತ್ತು. ನಮಗಿಂತ ಮೊದಲೇ ಬಂದಿದ್ದ ಅತ್ತಿಗೆ ಸೆರಗಿನಿಂದ ಅದಕ್ಕೆ ನೆರಳು ಹಿಡಿದು ನಿಂತಿದ್ದಳು.

ಅವಳು ಜಗಳ ತೆಗೆಯುತ್ತಾಳೆ ಎಂದುಕೊಂಡಿದ್ದೆ. ದೊಡ್ಡಾಯಿಯ ಖಾಲಿ ಕೈ ನೋಡಿ ಅವಳ ಮುಖವೇ ಬಾಡಿತು. "ಬೀಳ್ಲಿಲ್ವಾ?" ಎಂದಳು. "ಇದ್ನೇ ತಗಂಡು ಹೋಗಿ ಹಂಗಾರೆ. ಬೀಗರ ಊಟ ಅಲ್ವಾ, ತಗಳಿ, ತಗಳಿ."

ಆದರೆ ಒಯ್ಯುವುದು ಯಾವುದರಲ್ಲಿ? ಹುಬ್ಬಳ್ಳಿಯ ಬಸ್ಸಿನ ಕಂಡಕ್ಟರು ಮೀನು ಎಂದ ಕೂಡಲೇ ಸೀಟಿ ಊದಿದ. ಕೈ ತೋರಿಸಿದ ಲಾರಿಗಳು ಧೂಳು ಎರಚಿ ಹೋದವು. ಇನ್ನೊಂದು ಬಸ್ಸಿನವ ಆಗಲಿ ಎಂದಾಗ ಬಹಳ ಹೊತ್ತಾಗಿತ್ತು. ದೊಡ್ಡಾಯಿ ಬುಟ್ಟಿಗೆ ಕೈ ಹಾಕಿ ಒಂದು ಬಂಗಡೆಯ ಹೊಟ್ಟೆ ಒತ್ತಿ ನೋಡಿದಳು. "ಮೆತ್ತಗಾಯ್ತು. ಬೀಗರಿಗೆ ಇದ್ನಾ ಹಾಕೂದು?" ಎಂದು ಅದನ್ನು ಮೆಲ್ಲಗೆ ವಾಪಸ್ಸಿಟ್ಟಳು. ಆಮೇಲೆ ಬರಿ ಕೈಯಲ್ಲಿ ಬಸ್ಸು ಹತ್ತಿದಳು.

"ಹೋಗಿ ಯಂತಾ ಮಾಡ್ತೆ ದೊಡ್ಡಾಯಿ?" ಎಂದೆ.

"ಮೋರೆ ತೋರ್ಸೂದು ಬ್ಯಾಡ್ವಾ? ಬರ್ತೆ ಅಂದಿದ್ನಲ್ಲ" ಎಂದಳು.

ನಾನೂ ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಕಟ್ಟಿಕೊಳ್ಳುತ್ತ ಹೋದೆ. ನಾನೇ ಹೇಳಿಸಿದ್ದು, ಅವಳು ಬೇಡ ಎಂದಿದ್ದಳು, ಬೈಯುವುದಿದ್ದರೆ ನನಗೆ ಬೈಯಿರಿ. ಆ ಮನೆಯ ಅಂಗಳದಲ್ಲಿ ಚಪ್ಪರ ಹಾಕಿ ಬಾಳೆಲೆ ಒರೆಸಿ ಇಟ್ಟಿದ್ದರು. ಕಡೆದ ಮಸಾಲೆಯ ವಾಸನೆ ಗೇಟಿನ ತನಕ ಬರುತ್ತಿತ್ತು. ಮನೆಯ ಯಜಮಾನತಿ ದೊಡ್ಡಾಯಿಯನ್ನು ಕಂಡು ಮುಖವರಳಿಸಿ ಎದ್ದು ಬಂದು, ಅವಳ ಹಿಂದೆ ಬುಟ್ಟಿ ಹುಡುಕಿದಳು. ಇಲ್ಲ ಎಂದು ತಿಳಿಯಲು ಅವಳಿಗೆ ತುಸು ಹೊತ್ತೇ ಹಿಡಿಯಿತು.

"ಬೈಕಿನ ಮೀನಿನವ ಬಂದಿದ್ನಲ್ಲೇ" ಎಂದಳು ಆಕೆ, ಬೈಯುವ ದನಿಯಲ್ಲಲ್ಲ, ಅಳು ಬರುವ ದನಿಯಲ್ಲಿ. "ಇಸ್ವಾಣ ಇತ್ತು ಅವನ ಹತ್ರ. ನೀ ತರ್ತೆ ಅಂದ್ಯಲ್ಲ ಅಂತ ಬ್ಯಾಡ ಅಂದು ಕಳ್ಸಿದ್ವು."

ನಾನು ಬಾಯಿ ತೆರೆದೆ. "ಅಮ್ಮಾ, ಇದು ನನ್ನ..."

ದೊಡ್ಡಾಯಿ ನನ್ನ ಮುಂಗೈ ಹಿಡಿದು ಅದುಮಿದಳು. "ಮಾತು ನಂದು" ಎಂದಳು. "ಕೊಟ್ಟವಳು ನಾನು. ತಪ್ಪಾಯ್ತು."

ಆ ಮನೆಯವರು ಒಳ್ಳೆಯವರು, ಅದೇ ಕೇಡು. ಬೀಗರಿಗೆ ಮೊಟ್ಟೆ ಸಾರು ಮಾಡಿದರು, ಒಣ ಸಿಗಡಿ ಹುರಿದು ಚಟ್ನಿ ಮಾಡಿದರು, ಬಂದವರು ಏನೂ ಅನ್ನದೆ ಉಂಡರು. ನಮ್ಮನ್ನೂ ಬಿಡಲಿಲ್ಲ, ಬಿಸಿಲಲ್ಲಿ ಬಂದಿದ್ದೀರಿ, ಉಂಡೇ ಹೋಗಬೇಕು ಎಂದು ಹಿಂದಿನ ಜಗಲಿಯಲ್ಲಿ ಎಲೆ ಹಾಕಿದರು. ದೊಡ್ಡಾಯಿ ತಲೆ ತಗ್ಗಿಸಿ ಉಂಡಳು. ನಾನು ಅನ್ನ ಕಲಸುತ್ತಲೇ ಕೂತೆ. ಅಡುಗೆಮನೆಯ ಬಾಗಿಲಲ್ಲಿ ದೊಡ್ಡ ಪಾತ್ರೆಯ ತುಂಬ ಕೆಂಪು ಮಸಾಲೆ ಹಾಗೆಯೇ ಇತ್ತು.

ಅದಾಗಿ ಒಂದು ವಾರ ಅವಳು ಎಲ್ಲಿಗೂ ಹೋಗಲಿಲ್ಲ. ಆಮೇಲೆ ಬಲೆಗೆ ಒಳ್ಳೆಯ ಮೀನು ಬಿತ್ತು. ಪಾಲು ಬುಟ್ಟಿಗೆ ಹಾಕಿಕೊಂಡು ಗೂಡಂಗಡಿಗೆ ಹೋಗಿ ನಾಣ್ಯ ಹಾಕಿ ಫೋನು ಮಾಡಿದಳು. ನಾನು ಪಕ್ಕದಲ್ಲೇ ಇದ್ದೆ. ಆ ಕಡೆಯ ದನಿ ನನಗೂ ಕೇಳುತ್ತಿತ್ತು. ಇಷ್ಟು ದಿನ ಅವಳು "ಬರ್ತೆ" ಎಂದರೆ "ಅಡ್ಡಿಲ್ಲ ಬಾ" ಎನ್ನುತ್ತಿದ್ದ ಅಂಗಡಿಯವ ಈಗ ಸ್ವಲ್ಪ ತಡೆದು ಕೇಳಿದ, "ಮೀನು ಬುಟ್ಟಿಗೆ ಬಿದ್ದದ್ಯಾ ಅವ್ವಾ? ಕಣ್ಣಲ್ಲಿ ಕಂಡ್ಯಾ? ಹಾಂಗಲ್ಲ, ನಾನು ನಾಲ್ಕು ಮನೆಗೆ ಹೇಳ್ಬೇಕಲ್ಲ, ಅದ್ಕೆ ಕೇಳ್ದೆ."

ಅವನು ಕೇಳಿದ್ದರಲ್ಲಿ ತಪ್ಪೇನಿದೆ? ಯಾರಿದ್ದರೂ ಕೇಳುತ್ತಿದ್ದರು. ದೊಡ್ಡಾಯಿ ತನ್ನ ಕಾಲ ಬುಡದಲ್ಲಿದ್ದ ಬುಟ್ಟಿಯನ್ನು ನೋಡಿದಳು. ಬಂಗಡೆಗಳು ಇನ್ನೂ ಬಾಲ ಬಡಿಯುತ್ತಿದ್ದವು. "ಇಲ್ಲ ಬಿಡು" ಎಂದು ಫೋನು ಇಟ್ಟಳು. ಅಂದಿನಿಂದ ಅವಳು ರಾಮನಗುಳಿಯ ದಾರಿ ಹಿಡಿಯಲಿಲ್ಲ. ಅಂಕೋಲೆ ಪೇಟೆಯ ಮೀನು ಮಾರುಕಟ್ಟೆಯ ಮೂಲೆಯಲ್ಲಿ ಕುಳಿತು ಮಾರತೊಡಗಿದಳು. ಅಲ್ಲಿ ಮೀನು ಎದುರಿಗೇ ಇರುತ್ತದೆ, ಯಾರಿಗೂ ಮಾತು ಕೊಡಬೇಕಾಗಿಲ್ಲ. ರಾಮನಗುಳಿಯ ಜಾಗ ಅತ್ತಿಗೆಗೆ ಉಳಿಯಿತು. ಅವಳೂ ಮೊದಮೊದಲು ಹೋಗಲು ಹಿಂಜರಿದಳು. "ಹೋಗೇ, ನಿನ್ನ ಗಂಡ ಮೀನು ಕಂಡೇ ಹೇಳ್ತಾನಲ್ಲ" ಎಂದು ದೊಡ್ಡಾಯಿಯೇ ಕಳಿಸಿದಳು.

ನನ್ನ ಪ್ರಬಂಧ ಆ ವರ್ಷವೇ ಒಪ್ಪಿತವಾಯಿತು. ಪರೀಕ್ಷಕರೊಬ್ಬರು ಕೊನೆಯ ಅಧ್ಯಾಯ ತೆರೆದು, "ಅಂದಾಜು ತಪ್ಪಿದರೆ ಏನಾಗುತ್ತದೆ?" ಎಂದು ಕೇಳಿದರು. ಕಾಯ್ದಿರಿಸಿದ ದಾರಿ ಸ್ವಲ್ಪ ಹೊತ್ತು ಖಾಲಿ ಹೋಗುತ್ತದೆ, ಆಗ ಬಂದ ಇನ್ನೊಬ್ಬರ ರಾಶಿಗೆ ಜಾಗ ಸಿಗದೆ ಹೋಗಬಹುದು, ಒಟ್ಟು ಲಾಭದ ಎದುರು ಆ ನಷ್ಟ ಅಲ್ಪ ಎಂದು ನಾನು ಹೇಳಿದೆ. ಹೇಳುತ್ತ ಒಂದೇ ವಾಕ್ಯವನ್ನು ಎರಡು ಸಲ ಹೇಳಿದೆ. ಹೆದರಿದ್ದಾಳೆ ಎಂದುಕೊಂಡಿರಬೇಕು, ನೀರು ಕೊಟ್ಟರು. ಲೆಕ್ಕದಲ್ಲಿ ನಾನು ಹೇಳಿದ್ದು ಸರಿಯೇ ಇತ್ತು. ಅದೇ ನನಗೆ ಇವತ್ತಿಗೂ ನುಂಗಲಾಗದ್ದು. ತಪ್ಪು ಲೆಕ್ಕ ಮಾಡಿದ್ದರೆ ತಿದ್ದಿಕೊಂಡು ಸುಮ್ಮನಾಗಬಹುದಿತ್ತು.

ಪದವಿ ಬಂದ ಸುದ್ದಿ ತಿಳಿದ ಶನಿವಾರ ನಾನು ಕಾರವಾರದ ಬಸ್ ನಿಲ್ದಾಣದಿಂದ ಗೂಡಂಗಡಿಗೆ ಫೋನು ಮಾಡಿದೆ. ಪರೀಕ್ಷೆಯ ಓಡಾಟದಲ್ಲಿ ಕೆಲವು ವಾರ ಊರಿಗೆ ಬಂದಿರಲಿಲ್ಲ. ಈ ಸಲ ನಿಜವಾಗಿಯೂ ಬಸ್ಸಿನ ಒಳಗೆ ಕುಳಿತ ಮೇಲೆಯೇ ಮಾಡಿದೆ. "ಹೊರಟೆ ಅಂತ ಹೇಳು" ಎಂದೆ. "ಹೊರಟ್ಳಂತೇ!" ಎಂದು ಅವನು ಬೇಲಿಯಾಚೆ ಕೂಗಿದ್ದು ಫೋನಿನಲ್ಲೇ ಕೇಳಿಸಿತು.

ನಾನು ಹೋದಾಗ ದೊಡ್ಡಾಯಿ ಗೇಟಿನ ಹತ್ತಿರ ರಸ್ತೆ ನೋಡುತ್ತ ನಿಂತಿದ್ದಳು. ಒಳಗಿನಿಂದ ಗಂಜಿಯ ವಾಸನೆ ಇಲ್ಲ, ಹಂಚಿನ ಸಂದಿಯಲ್ಲಿ ಹೊಗೆ ಇಲ್ಲ. ನನ್ನನ್ನು ತಲೆಯಿಂದ ಕಾಲಿನ ತನಕ ನೋಡಿ, ಕೆನ್ನೆ ಸವರಿ, "ಬಂದ್ಯಾ ಮಗಾ?" ಎಂದಳು.

"ಫೋನ್ ಮಾಡಿದ್ನಲ್ಲ ದೊಡ್ಡಾಯಿ. ಅವ ಹೇಳ್ಲಿಲ್ವಾ?"

"ಹೇಳ್ದ, ಹೇಳ್ದ" ಎಂದಳು. ಅವಳ ದನಿಯಲ್ಲಿ ಮುನಿಸಿರಲಿಲ್ಲ, ಚುಚ್ಚುಮಾತೂ ಇರಲಿಲ್ಲ. "ಬಂದ್ಮೇಲೆ ಹಾಕ್ವ ಅಂದೆ. ಕೂತ್ಕ, ಈಗ ಅಕ್ಕಿ ತೊಳಿತೆ."

ಒಳಗೆ ಅವಳು ಅಕ್ಕಿ ಡಬ್ಬದ ಮುಚ್ಚಳ ತೆಗೆದದ್ದು ಕೇಳಿಸಿತು. ನಾನು ಚಪ್ಪಲಿ ಬಿಟ್ಟು ಜಗಲಿಯ ಮೇಲೆ ಕುಳಿತೆ. ಆ ಅಕ್ಕಿ ಬೇಯಲು ಬಹಳ ಹೊತ್ತು ಹಿಡಿಯುತ್ತದೆ.